ಹೆಸರಿಗಾಗಿ ಹದಿನೇಳು ವರ್ಷ

ರಾಜ್ಯ ಮೊದಲು ಹುಟ್ಟಿತು, ಹೆಸರು ಆಮೇಲೆ ಬಂತು. ಎರಡೂ ನಡೆದದ್ದು ನವೆಂಬರ್ 1ರಂದೇ. ನಡುವಿನ ಅಂತರ ಮಾತ್ರ 17 ವರ್ಷ.

1956ರ ಆ ದಿನ ರಾಜಧಾನಿ ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಹೊಸ ರಾಜ್ಯವನ್ನು ಉದ್ಘಾಟಿಸಿದರು. ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು, ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಮುಂಬಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ; ಹೈದರಾಬಾದಿನಿಂದ ಬೀದರ್, ಗುಲ್ಬರ್ಗ, ರಾಯಚೂರು; ಮದರಾಸಿನಿಂದ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ ಮೈಸೂರಿನೊಡನೆ ಕೂಡಿದವು. ಕಾಸರಗೋಡು ಮಾತ್ರ ಅಂದೇ ಹುಟ್ಟಿದ ಕೇರಳದ ಪಾಲಾಯಿತು.

ರಾಜಧಾನಿಯ ಈ ಸಮಾರಂಭದ ಅರ್ಥ ಪಿರಿಯಾಪಟ್ಟಣ ಸೀಮೆಯವರಿಗೆ ಹೊಳೆಯ ದಂಡೆಯಲ್ಲೇ ಕಾಣುವಂತಿತ್ತು. ಹಿಂದಿನ ದಿನದವರೆಗೆ ಕೊಪ್ಪದ ಬಳಿ ಕಾವೇರಿ ದಾಟಿ ಕುಶಾಲನಗರಕ್ಕೆ ಕಾಲಿಟ್ಟರೆ ಅದು ಬೇರೆ ರಾಜ್ಯ. ಸ್ವಂತ ಶಾಸನಸಭೆ, ಸ್ವಂತ ಮುಖ್ಯಮಂತ್ರಿ ಇದ್ದ ಕೊಡಗು ಮರುದಿನ ಒಂದು ಜಿಲ್ಲೆಯಾಯಿತು.

ಆದರೆ ಹೆಸರು? ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ತನ್ನ ವರದಿಯಲ್ಲಿ 'ಕರ್ನಾಟಕ' ಎಂದೇ ಬರೆದಿತ್ತು. ಮರುವರ್ಷದ ಕಾಯಿದೆಯಲ್ಲಿ ಅದು 'ಮೈಸೂರು' ಆಯಿತು. ಹಳೆ ಮೈಸೂರಿನಲ್ಲಿ ಏಕೀಕರಣದ ಬಗ್ಗೆ ಒಡಕಿತ್ತು. ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆಗಳಿಂದ ಮುಂದುವರಿದಿದ್ದ ತಮ್ಮ ಸಂಸ್ಥಾನ ದೊಡ್ಡ ರಾಜ್ಯದಲ್ಲಿ ಕರಗಿಹೋದೀತೆಂಬ ಅಳುಕು ಅನೇಕರದು. ಹೆಸರನ್ನಾದರೂ ಉಳಿಸಿದ್ದು ಅವರಿಗೆ ಸಮಾಧಾನ. ಆದರೆ ಆ ಸಮಾಧಾನದ ಬೆಲೆ ತೆತ್ತವರು ಧಾರವಾಡದವರು, ಗುಲ್ಬರ್ಗದವರು. ಏಕೀಕರಣಕ್ಕಾಗಿ ದಶಕಗಳ ಕಾಲ ಹೋರಾಡಿ, ಕೊನೆಗೆ ಇನ್ನೊಬ್ಬರ ಮನೆಗೆ ಬಂದ ನೆಂಟರಂತೆ 'ಮೈಸೂರಿಗೆ ಸೇರಿದವರು' ಅನ್ನಿಸಿಕೊಳ್ಳುವುದು ಅವರಿಗೆ ಹಿತವಾಗಿರಲಿಲ್ಲ.

ಇದನ್ನು ಬಗೆಹರಿಸುವ ಕೆಲಸ ಬಿದ್ದದ್ದು ಮೈಸೂರು ಜಿಲ್ಲೆಯವರ ಪಾಲಿಗೇ. 1952ರಲ್ಲೇ ಹುಣಸೂರಿನಿಂದ ಶಾಸನಸಭೆಗೆ ಆರಿಸಿಬಂದಿದ್ದ ಡಿ. ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ಅದೇ ಜುಲೈನಲ್ಲಿ ವಿಧಾನಸಭೆ ನಾಮಕರಣದ ನಿರ್ಣಯ ಅಂಗೀಕರಿಸಿತು. ಸಂಸತ್ತು ಕಾಯಿದೆ ಮಾಡಿತು. 1973ರ ನವೆಂಬರ್ 1ರಿಂದ ರಾಜ್ಯ 'ಕರ್ನಾಟಕ'ವಾಯಿತು. ಒಡೆಯರ ಮನೆತನಕ್ಕೆ ಹತ್ತಿರದ ಅರಸು ಸಮುದಾಯದವರ ಕಾಲದಲ್ಲೇ 'ಮೈಸೂರು' ಎಂಬ ಹೆಸರು ತೆರವಾಯಿತೆಂಬುದು ಇತಿಹಾಸದ ಒಂದು ಸ್ವಾರಸ್ಯ. ಹೊರಗಿನವರು ಯಾರಾದರೂ ಕೈಹಾಕಿದ್ದರೆ ಇಷ್ಟು ಸಲೀಸಾಗುತ್ತಿತ್ತೋ ಇಲ್ಲವೋ!

2014ರಲ್ಲಿ ಮತ್ತದೇ ದಿನ ರಾಜಧಾನಿಯೂ ಸೇರಿ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಕನ್ನಡಿಗರ ಬಾಯಲ್ಲಿ ಬೆಂಗಳೂರು ಎಂದೂ ಬೆಂಗಳೂರೇ. ಬದಲಾದದ್ದು ಇಂಗ್ಲಿಷಿನ ಫಲಕ.