ಪಾದ್ರಿಗಳು ಹೋದ ಮೇಲೂ ಉಳಿದ ಸಭೆ

ಪ್ರತಿ ವರ್ಷ ಜುಲೈ 1ರಂದು ನಾವು ವರದಿಗಾರರೆಲ್ಲ ಸೇರಿ ಪತ್ರಿಕಾ ದಿನ ಆಚರಿಸುತ್ತೇವೆ. 1843ರ ಅದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂತು. ಅದರ ಸಂಪಾದಕ ಹರ್ಮನ್ ಮೋಗ್ಲಿಂಗ್ ಅವರ ಫೋಟೊಗೆ ಹಾರ ಹಾಕುತ್ತೇವೆ, ಭಾಷಣ ಕೇಳುತ್ತೇವೆ, ಊಟ ಮಾಡಿ ಮನೆಗೆ ಬರುತ್ತೇವೆ.

ಮೋಗ್ಲಿಂಗ್ ಈ ಊರಿಗೆ ಬಂದದ್ದು ಪತ್ರಿಕೆ ನಡೆಸುವುದಕ್ಕಲ್ಲ, ಕ್ರೈಸ್ತ ಧರ್ಮ ಸಾರುವುದಕ್ಕೆ. ಅವರ ಮಾತು ಕೇಳಿ ಹೊಸ ನಂಬಿಕೆಗೆ ಬಂದವರು ತುಳುನಾಡಿನ ನಮ್ಮ ನಿಮ್ಮಂಥ ಹಳ್ಳಿಯ ಜನ. ಆ ಜನ ಹೇಗೆ ಬದುಕಿದರು, ಒಬ್ಬರನ್ನೊಬ್ಬರು ಹೇಗೆ ನೋಡಿಕೊಂಡರು, ಕರೆತಂದ ಪಾದ್ರಿಗಳೇ ಒಂದು ದಿನ ಇಲ್ಲವಾದಾಗ ಏನು ಮಾಡಿದರು ಎಂಬ ಕಥೆ ಹಾರ ಹಾಕುವ ಸಭೆಗಳಲ್ಲಿ ಬರುವುದಿಲ್ಲ. ಇವತ್ತು ಅದನ್ನೇ ಹೇಳುತ್ತೇನೆ.

ಬಂದವರು ಯಾರು?

ಕರಾವಳಿಯ ಕೊಂಕಣಿ ಕೆಥೊಲಿಕರ ಇತಿಹಾಸ ಇದಕ್ಕಿಂತ ಬಹಳ ಹಳೆಯದು, ಅದೇ ಬೇರೆ. ನಾನು ಹೇಳುತ್ತಿರುವುದು ಪ್ರಾಟೆಸ್ಟಂಟರ, ಅಂದರೆ ಬಾಸೆಲ್ ಮಿಷನ್ ಸಭೆಗಳ ಕಥೆ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನ ಒಂದು ಊರು. ಮಿಷನ್ನಿನ ಮುಖ್ಯ ಕಚೇರಿ ಅಲ್ಲಿತ್ತು, ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಜರ್ಮನಿಯವರು. ಬ್ರಿಟಿಷರಲ್ಲದ ಮಿಷನ್‌ಗಳಿಗೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬಾಗಿಲು ತೆರೆದದ್ದು 1833ರಲ್ಲಿ. ಮರುವರ್ಷವೇ, 1834ರ ಅಕ್ಟೋಬರ್ ಕೊನೆಗೆ, ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಗದಗಿನ ಬೆಟಗೇರಿ, ಕರಾವಳಿಯಲ್ಲಿ ಮೂಲ್ಕಿ, ಉಡುಪಿ ಹೀಗೆ ಕೆಲಸ ಹರಡಿತು. 1841ರಲ್ಲಿ ಮಂಗಳೂರಿನಲ್ಲಿ ಅಚ್ಚುಕೂಟ ಶುರುವಾಯಿತು. ತುಳುವಿನಲ್ಲಿ ಬೈಬಲ್‌ನ ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಕಿಟೆಲ್ ಅವರ ನಿಘಂಟು ಬಂದದ್ದು 1894ರಲ್ಲಿ. ಇಷ್ಟು ಶಾಲೆಯ ಪುಸ್ತಕದಲ್ಲೂ ಸಿಗುತ್ತದೆ.

ಬಿಟ್ಟು ಬಂದವರ ಪಾಡು

ತುಳುನಾಡಿನ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಸಾರಸ್ವತ ಬ್ರಾಹ್ಮಣರಿಂದ ಬಂದ ಕೆಲವರೂ ಇದ್ದರು. 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾಯ ಕೌಂಡಿನ್ಯ ಅವರಲ್ಲಿ ಹೆಸರಾದವರು. ಹದಿಹರೆಯದ ಈ ಹುಡುಗ ಕ್ರೈಸ್ತನಾದಾಗ ಮಂಗಳೂರು ಪೇಟೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಮುಂದೆ ಅವರು ಬಾಸೆಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಊರಿಗೆ ಮರಳಿ, 1893ರಲ್ಲಿ ತೀರಿಕೊಂಡರು. ಮಂಗಳೂರಿನ ಸೆಮಿನರಿಯಲ್ಲಿ ಬಹುಕಾಲ ಪಾಠ ಹೇಳಿದರು.

ಕೌಂಡಿನ್ಯರಿಗೆ ಓದು ಇತ್ತು. ಹಳ್ಳಿಯ ಬಿಲ್ಲವ ಸಂಸಾರಕ್ಕೆ ಏನಿತ್ತು? ಸ್ವಲ್ಪ ಲೆಕ್ಕ ಹಾಕಿ ನೋಡಿ.

ಮೊದಲನೆಯದು ಕಸುಬು. ಕಳ್ಳು ಇಳಿಸುವುದನ್ನು, ಮಾರುವುದನ್ನು ಮಿಷನ್ ಒಪ್ಪುತ್ತಿರಲಿಲ್ಲ. ಮೂರ್ತೆ ಮಾಡುತ್ತಿದ್ದವನು ಸಭೆಗೆ ಬರಬೇಕಾದರೆ ತಾಳೆಮರ ಇಳಿಯಲೇಬೇಕು.

ಎರಡನೆಯದು ಆಸ್ತಿ. ಬಿಲ್ಲವರದು ಅಳಿಯಕಟ್ಟು. ಆಸ್ತಿ ತಾಯಿಯ ಕಡೆಯ ಕುಟುಂಬದ್ದು, ಪಾಲು ಕೇಳಿ ಪಡೆಯುವ ಹಕ್ಕು ಯಾರಿಗೂ ಇರಲಿಲ್ಲ. ಮತ ಬಿಟ್ಟರೂ ಆಸ್ತಿಯ ಹಕ್ಕು ಹೋಗದು ಎಂದು 1850ರಲ್ಲಿ ಸರಕಾರ ಕಾಯಿದೆ ಮಾಡಿತು. ಆದರೆ ಪಾಲೇ ಇಲ್ಲದ ಕಡೆ ಹಕ್ಕು ಇಟ್ಟುಕೊಂಡು ಏನು ಮಾಡುವುದು? ಕುಟುಂಬದ ಮನೆಯಿಂದ ಹೊರಗೆ ಬಂದವನು ಬರಿಗೈಯವನೇ.

ಮೂರನೆಯದು ಗೇಣಿ. ಧಣಿ ಮುನಿದರೆ ಒಕ್ಕಲಿಗೆ ಗದ್ದೆ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಭಯ. ತಲೆತಲಾಂತರದಿಂದ ನಂಬಿದ ದೈವವನ್ನು ಬಿಟ್ಟು ಬಂದ ಮನೆ ಅದು. ಮಗುವಿಗೆ ಜ್ವರ ಬಂತು, ಹಸು ಸತ್ತಿತು ಎಂದರೆ ಊರು ಏನು ಹೇಳುತ್ತದೆ ಎಂದು ತುಳುನಾಡಿನವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಊರು ಹೇಳುವ ಮೊದಲು ಅವರ ಮನಸ್ಸೇ ಹೇಳುತ್ತದೆ. ದೈವವನ್ನು ನಂಬಿದವರ ನಂಬಿಕೆಯನ್ನು ಹಗುರ ಮಾಡಲು ಇದನ್ನು ಬರೆಯುತ್ತಿಲ್ಲ. ಬಿಟ್ಟು ಬಂದವನ ಎದೆಯೊಳಗಿನ ತೂಕ ಎಷ್ಟಿತ್ತು ಎಂದು ತಿಳಿಯಲಿ ಅಂತ ಹೇಳಿದೆ.

ಹೊಟ್ಟೆಗೆ ಏನು?

ಸಭೆಗೆ ಬಂದವರಿಗೆ ಕೆಲಸ ಕೊಡಲೇಬೇಕು ಎಂಬುದು ಮಿಷನ್ನಿಗೆ ಬೇಗ ಅರ್ಥವಾಯಿತು. ಬೇಸಾಯ ಮಾಡಿಸಿ ನೋಡಿದರು, ಗಡಿಯಾರದ ಕೆಲಸ ಕಲಿಸಿ ನೋಡಿದರು. ಅವು ಕೈಹತ್ತಲಿಲ್ಲ. ನೇಯ್ಗೆ ಹಿಡಿಯಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಷನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ನೇತ್ರಾವತಿಯ ಆವೆಮಣ್ಣು, ಯಂತ್ರದ ಅಚ್ಚು, ಸೌದೆಯ ಬೆಂಕಿ. ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಕಡೆಯೂ ಕಾರ್ಖಾನೆಗಳು ಎದ್ದವು. ಮಂಗಳೂರು ಹಂಚು ದೇಶವೆಲ್ಲ ಹೋಯಿತು.

ಈ ಕಾರ್ಖಾನೆಗಳು ವ್ಯಾಪಾರಕ್ಕಾಗಿಯೇ ಹುಟ್ಟಿದವಲ್ಲ. ಗದ್ದೆ ಹೋದವನಿಗೆ, ಮೂರ್ತೆ ಬಿಟ್ಟವನಿಗೆ, ವಿಧವೆಗೆ ಕೂಲಿ ಸಿಗಲಿ ಎಂಬುದೇ ಅವುಗಳ ಮೂಲ. ಅದರ ಜತೆಗೆ ಮೂಲ್ಕಿಯಲ್ಲಿ ಹೆಣ್ಣುಮಕ್ಕಳಿಗೆ, ಉಡುಪಿಯಲ್ಲಿ ಗಂಡುಮಕ್ಕಳಿಗೆ ಅನಾಥಾಲಯಗಳಿದ್ದವು.

ಕೂಲಿ ಕೊಡಲಾರದ್ದು

ಕೂಲಿಯಿಂದ ಹೊಟ್ಟೆ ತುಂಬುತ್ತದೆ. ರಾತ್ರಿ ಎರಡು ಗಂಟೆಗೆ ಮನೆಯಲ್ಲಿ ಯಾರಾದರೂ ನರಳುತ್ತಿದ್ದರೆ ಪಕ್ಕದಲ್ಲಿ ಕೂರಲು ಕೂಲಿ ಬರುವುದಿಲ್ಲ, ಮನುಷ್ಯರು ಬರಬೇಕು.

ಹಿಂದೆ ಆ ಕೆಲಸವನ್ನು ಜಾತಿ, ಕುಟುಂಬ, ನೆರೆಕರೆ ಮಾಡುತ್ತಿದ್ದವು. ಹೆರಿಗೆಗೆ ಅತ್ತೆ, ಮದುವೆಗೆ ಸೋದರಮಾವ, ಸಾವಿಗೆ ಹೆಗಲು ಕೊಡುವ ನಾಲ್ವರು. ಇವೆಲ್ಲ ಕಳಚಿದ ಮೇಲೆ ಉಳಿದದ್ದು ಭಾನುವಾರ ಒಟ್ಟಿಗೆ ಕೂರುವ ಜನ ಮಾತ್ರ. ಅವರೇ ಅತ್ತೆ, ಅವರೇ ಮಾವ, ಅವರೇ ಹೆಗಲು.

ಆದ್ದರಿಂದ ಸಭೆ ಎಂಬ ಮಾತಿಗೆ ಇಲ್ಲಿ ಮೀಟಿಂಗ್ ಎಂಬ ಅರ್ಥ ಇಲ್ಲ. ಕಟ್ಟಡ ಚರ್ಚು, ಜನ ಸಭೆ. ಪ್ರತಿ ಸಭೆಯಲ್ಲೂ ಹಿರಿಯರಿದ್ದರು. ರೋಗಿಯ ಮನೆಗೆ ಹೋಗಿ ಪ್ರಾರ್ಥಿಸುವುದು, ಗಂಡ ಹೆಂಡಿರ ಜಗಳ ಬಿಡಿಸುವುದು, ಕುಡಿಯುವವನಿಗೆ ಬುದ್ಧಿ ಹೇಳುವುದು, ಬಡವರಿಗೆ ಕಾಣಿಕೆಯಿಂದ ಸ್ವಲ್ಪ ತೆಗೆದುಕೊಡುವುದು ಇವರ ಕೆಲಸ.

ಜ್ವರದ ಮನೆಗೆ ಹಿಂದೆ ಹೇಳಿದ ಭಯವೂ ಬಂದು ಕೂತಿರುತ್ತದೆ. ಅಂಥ ಮನೆಗೆ ಹತ್ತು ಜನ ಬಂದು, ದೀಪ ಹಚ್ಚಿಟ್ಟು, ಗೊತ್ತಿರುವ ಹಾಡು ಹಾಡಿ, ಪ್ರಾರ್ಥನೆ ಮಾಡಿ, ಗಂಜಿ ಕುಡಿಸಿ ಹೋದರೆ ಆ ಭಯ ಅರ್ಧಕ್ಕರ್ಧ ಇಳಿಯುತ್ತದೆ. ನಂಬಿಕೆಯ ಶಕ್ತಿ ಎಂದರೆ ಏನು ಎಂದು ಯಾರಾದರೂ ನನ್ನನ್ನು ಕೇಳಿದರೆ ಇಲ್ಲಿಂದಲೇ ಶುರು ಮಾಡುತ್ತೇನೆ. ಪ್ರಾರ್ಥನೆಯಿಂದ ಜ್ವರ ಬಿಟ್ಟಿತೇ ಎಂಬುದು ಅವರವರ ನಂಬಿಕೆಗೆ ಬಿಟ್ಟದ್ದು. ಹತ್ತು ಜನ ಬಂದದ್ದಂತೂ ಕಣ್ಣಿಗೆ ಕಾಣುವ ಸಂಗತಿ.

ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವೂ ಹಾಗೆಯೇ. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಪಾತ್ರೆಯಿಂದ ಕುಡಿಯುವುದು 19ನೆಯ ಶತಮಾನದ ತುಳುನಾಡಿನಲ್ಲಿ ಸಣ್ಣ ಸಂಗತಿಯಲ್ಲ. ಜಾತಿ ಸಭೆಯೊಳಗೆ ಪೂರ್ತಿ ಸತ್ತಿತು ಎಂದು ನಾನು ಹೇಳುವುದಿಲ್ಲ. ಮದುವೆಯ ಮಾತು ಬಂದಾಗ ಅದು ತಲೆ ಎತ್ತುತ್ತಿತ್ತು.

ಒಂದೇ ಕೈಯಲ್ಲಿ ಎಲ್ಲ ಹಗ್ಗ

ಈ ಕಥೆಗೆ ಇನ್ನೊಂದು ಮುಖವಿದೆ. ಕೆಲಸ ಕೊಡುವವರು ಮಿಷನ್ನಿನವರು. ಎಷ್ಟೋ ಜನರಿಗೆ ಮನೆ, ಹಿತ್ತಿಲು ಬಾಡಿಗೆಗೆ ಕೊಟ್ಟವರೂ ಅವರೇ. ಭಾನುವಾರ ಪ್ರಸಂಗ ಮಾಡುವವರೂ ಅವರೇ. ತಪ್ಪು ಮಾಡಿದವನನ್ನು ಸಭೆಯಿಂದ ಹೊರಗಿಟ್ಟರೆ ಅವನಿಗೆ ಕೂಲಿಯ ಚಿಂತೆ, ಸೂರಿನ ಚಿಂತೆ ಎರಡೂ ಒಟ್ಟಿಗೇ ಬರುತ್ತಿದ್ದವು. ಧಣಿಯ ಕೈಯಿಂದ ಬಿಡಿಸಿಕೊಂಡು ಬಂದವನು ಇನ್ನೊಂದು ದೊಡ್ಡ ಕೈ ಹಿಡಿದ ಹಾಗೆ. ಪ್ರೀತಿಯ ಕೈಯೇ ಆದರೂ ಹಿಡಿತ ಹಿಡಿತವೇ.

ಊರಿನವರ ಮಾತು ಇದಕ್ಕಿಂತ ಖಾರವಾಗಿತ್ತು: ಇವರು ಹೊಟ್ಟೆಗಾಗಿ ಮತ ಬಿಟ್ಟವರು. ಈ ಮಾತು ಇವತ್ತಿಗೂ ನಿಂತಿಲ್ಲ. ಅದಕ್ಕೆ ಉತ್ತರ ಪ್ರಸಂಗದಲ್ಲಿ ಸಿಗುವುದಿಲ್ಲ. ಕೈ ಬಿಟ್ಟಾಗ ಏನಾಯಿತು ಎಂದು ನೋಡಬೇಕು.

1914

ಆ ವರ್ಷ ಆಗಸ್ಟಿನಲ್ಲಿ ಯುರೋಪಿನಲ್ಲಿ ಮಹಾಯುದ್ಧ ಶುರುವಾಯಿತು. ಬ್ರಿಟನ್ನಿಗೆ ಜರ್ಮನಿ ಶತ್ರು. ನಿನ್ನೆಯವರೆಗೆ ಪಾದ್ರಿಗಳಾಗಿದ್ದ ಜರ್ಮನ್ನರು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರು ದೇಶದವರಾದರು. ಅವರನ್ನು ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು. 1915 ಮತ್ತು 1916ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಹೆಂಗಸರು ಮಕ್ಕಳ ಸಮೇತ ಅನೇಕರನ್ನು ದೇಶದಿಂದಲೇ ಸಾಗಿಸಿದರು. ಮಿಷನ್ನಿನ ಉದ್ಯಮಗಳನ್ನು ಸರಕಾರ ವಶಕ್ಕೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಹಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈ ಸೇರಿದವು.

80 ವರ್ಷ ಹಿಡಿದಿದ್ದ ಕೈ ಹೀಗೆ ಕೆಲವೇ ತಿಂಗಳಲ್ಲಿ ಬಿಟ್ಟುಹೋಯಿತು. ಯುದ್ಧದ ಕಾಲದ ಬೆಲೆಯೇರಿಕೆ, ಅದರ ಬೆನ್ನಿಗೆ 1918ರ ಇನ್‌ಫ್ಲುಯೆಂಜಾ ಬೇರೆ.

ಆದರೆ ಸಭೆಗಳು ಚದುರಲಿಲ್ಲ. ಈ ಮಣ್ಣಿನ ಪಾದ್ರಿಗಳು, ಉಪದೇಶಿಗಳು, ಶಾಲಾ ಮಾಸ್ತರರು, ಹಿರಿಯರು ಸೇರಿ ನಡೆಸಿಕೊಂಡು ಹೋದರು. ಹೊರಗಿನ ಸಹಾಯ ಪೂರ್ತಿ ನಿಂತಿರಲಿಲ್ಲ, ಸ್ವಿಟ್ಜರ್ಲೆಂಡಿನಿಂದ ಸ್ವಲ್ಪ ಬಂತು. ಕಾರ್ಖಾನೆಗಳೂ ಬಾಗಿಲು ಹಾಕಲಿಲ್ಲ, ಕೂಲಿ ಸಿಗುತ್ತಿತ್ತು. ಆದ್ದರಿಂದ ಇದು ಚಿನ್ನವನ್ನು ಒರೆಗೆ ಹಚ್ಚಿದಂಥ ಪರೀಕ್ಷೆ ಎಂದು ಹೇಳಲಾಗದು. ಆದರೂ ಒಂದು ಸಂಗತಿ ಗಟ್ಟಿ. ಹೊಸ ಯಜಮಾನನಿಗೆ ಕೆಲಸಗಾರ ಭಾನುವಾರ ಎಲ್ಲಿಗೆ ಹೋಗುತ್ತಾನೆ ಎಂಬ ಚಿಂತೆ ಇರಲಿಲ್ಲ. ಸಭೆಗೆ ಹೋಗದಿದ್ದರೂ ಕೂಲಿ ಕೂಲಿಯೇ. ಆದರೂ ಜನ ಹೋದರು. ಹೊಟ್ಟೆಗಾಗಿ ಬಂದವರು ಎಂಬ ಮಾತಿಗೆ ಅವರು ಕೊಟ್ಟ ಉತ್ತರ ಇದು.

ಸ್ವಂತ ಕಾಲಿನ ಮೇಲೆ

ಈ ಕಾಲದ ಪಾದ್ರಿಗಳಲ್ಲಿ ಒಬ್ಬರ ಹೆಸರು ನಿಮಗೂ ಗೊತ್ತಿರಬಹುದು, ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಓದಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾದ್ರಿಯಾಗಿದ್ದವರು. ಸರ್ವಜ್ಞನ ವಚನಗಳನ್ನು ಹುಡುಕಿ, ಕೂಡಿಸಿ, 1924ರಲ್ಲಿ ಪುಸ್ತಕವಾಗಿ ತಂದದ್ದು ಇದೇ ಪಾದ್ರಿ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಏಸುವನ್ನು ನಂಬಿದವನು ಸರ್ವಜ್ಞನನ್ನು ಬಿಡಬೇಕಾಗಿಲ್ಲ ಎಂದು ಬದುಕಿ ತೋರಿಸಿದರು.

ಉಡುಪಿಯಲ್ಲಿ 1923ರಲ್ಲಿ ಡಾ. ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ಆಸ್ಪತ್ರೆ ತೆರೆದರು. ಹೆಂಗಸರು ಗಂಡು ಡಾಕ್ಟರ ಮುಂದೆ ಬರಲು ಹಿಂಜರಿಯುತ್ತಿದ್ದ ಕಾಲ. ಊರಿನವರ ಬಾಯಲ್ಲಿ ಅದು ಇವತ್ತಿಗೂ ಮಿಷನ್ ಆಸ್ಪತ್ರೆಯೇ. ಸಭೆ ತನ್ನವರಿಗೆ ಮಾಡುತ್ತಿದ್ದ ಆರೈಕೆ ಇಂಥ ಕಡೆ ಬೇಲಿ ದಾಟಿ ಊರಿಗೆಲ್ಲ ಸಿಕ್ಕಿತು. ಯಾವ ಜಾತಿ, ಯಾವ ಮತ ಎನ್ನದೆ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ಹುಟ್ಟಿದ್ದಾರೆ.

1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಬಾಸೆಲ್ ಮಿಷನ್ ಕಟ್ಟಿದ ಸಭೆಗಳು ಈಗ ಬಹುತೇಕ ಅದರೊಳಗಿವೆ.

ಈಗ

ಬೆಳೆಹಬ್ಬದ ದಿನ ಯಾವುದಾದರೂ ಹಳ್ಳಿಯ ಸಿಎಸ್‌ಐ ಚರ್ಚಿಗೆ ಹೋಗಿ ನೋಡಿ. ತೆಂಗಿನಕಾಯಿ, ಬಾಳೆಗೊನೆ, ಸೌತೆಕಾಯಿ, ಊರಕೋಳಿ ತಂದು ಇಟ್ಟಿರುತ್ತಾರೆ. ಪ್ರಾರ್ಥನೆ ಆದ ಮೇಲೆ ಏಲಂ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕುಂಬಳಕಾಯಿಗೆ ಹತ್ತು ಪಟ್ಟು ಕೂಗುತ್ತಾರೆ. ಕೆಲವೊಮ್ಮೆ ಗೆದ್ದವರು ಅದನ್ನೇ ಮತ್ತೆ ಏಲಂಗೆ ಇಡುತ್ತಾರೆ. ನಗುತ್ತ ನಗುತ್ತ ಸಭೆಯ ಪೆಟ್ಟಿಗೆ ತುಂಬುತ್ತದೆ. ಹಣ ಎಲ್ಲಿಂದಲೋ ಬರಲಿ ಎಂದು ಕಾಯುವವರಿಗೆ ಈ ಏಲಂ ಗೊತ್ತಿರುವುದಿಲ್ಲ.

ಆದರೆ ಕೂಗುವವರ ತಲೆ ನರೆಯುತ್ತಿದೆ. ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಸೇರಿದ್ದಾರೆ. ಅಪ್ಪ ಅಮ್ಮನ ಖಾತೆಗೆ ಹಣ ಬರುತ್ತದೆ, ವಿಡಿಯೊ ಕಾಲ್ ಬರುತ್ತದೆ. ರಾತ್ರಿ ಎರಡು ಗಂಟೆಗೆ ಪಕ್ಕದಲ್ಲಿ ಕೂರುವವರು ಯಾರು ಎಂಬ ಹಳೆಯ ಪ್ರಶ್ನೆ ಮತ್ತೆ ಎದುರು ನಿಂತಿದೆ. ಇದು ಕ್ರೈಸ್ತರಿಗೆ ಮಾತ್ರ ಬಂದ ಕಷ್ಟವಲ್ಲ. ಗರಡಿಯವರಿಗೆ, ಮಸೀದಿಯವರಿಗೆ, ಭಜನಾ ಮಂಡಳಿಯವರಿಗೆ ಎಲ್ಲರಿಗೂ ಬಂದಿದೆ. 1914ರಲ್ಲಿ ಆ ಜನ ಮಾಡಿದ್ದು ಇಷ್ಟೇ: ದೊಡ್ಡವರು ಬರಲಿ ಎಂದು ಕಾಯದೆ, ಇದ್ದವರೇ ಮನೆಗಳನ್ನು ಹಂಚಿಕೊಂಡು ವಿಚಾರಿಸಿದರು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ಪ್ರತಿ ಹಳೆಯ ಚರ್ಚಿನ ಬೀರುವಿನಲ್ಲೂ ದೀಕ್ಷಾಸ್ನಾನದ, ಮದುವೆಯ, ಮರಣದ ದಾಖಲೆ ಪುಸ್ತಕಗಳಿರುತ್ತವೆ. ನಮ್ಮ ಹಳ್ಳಿಗಳ ಬಡವರ ಹೆಸರು, ತಾರೀಕು ಸಮೇತ ಬರೆದಿಟ್ಟ ಪುಸ್ತಕಗಳು ಬೇರೆ ಕಡೆ ಸಿಗುವುದು ಕಷ್ಟ. ಗೆದ್ದಲು ಹಿಡಿಯುವ ಮುಂಚೆ ಸಭಾಪಾಲಕರ ಒಪ್ಪಿಗೆ ಪಡೆದು ಫೋನಿನಲ್ಲಿ ಒಂದೊಂದು ಪುಟದ ಫೋಟೊ ತೆಗೆದಿಡಿ. ಹಳೆಯ ಕಾಗದಗಳನ್ನು ಹೇಗೆ ಉಳಿಸಬೇಕು ಎಂದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಕೇಳಬಹುದು. ಮೋಗ್ಲಿಂಗ್, ಕಿಟೆಲ್ ಹೆಸರು ಪುಸ್ತಕಗಳಲ್ಲಿ ಭದ್ರವಾಗಿದೆ. ಜ್ವರದ ಮನೆಗೆ ದೀಪ ಹಿಡಿದು ಹೋದವರ ಹೆಸರು ಆ ಬೀರುವಿನಲ್ಲಿ ಮಾತ್ರ ಇದೆ.