ಕೇಶಿರಾಜನ ಕಿವಿ

ಹದಿಮೂರನೆಯ ಶತಮಾನದಲ್ಲಿ, 1260ರ ಸುಮಾರಿಗೆ, ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸತೊಡಗಿದಾಗ ಅವನಿಗೆ ಪರಿಭಾಷೆಯ ಕೊರತೆಯೇನೂ ಇರಲಿಲ್ಲ. ಸಂಧಿ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅವ್ಯಯವೆಂಬ ಸಂಜ್ಞೆಗಳನ್ನು ಸಂಸ್ಕೃತ ವೈಯಾಕರಣರು ಎಂದೋ ಸಿದ್ಧಗೊಳಿಸಿದ್ದರು. ಅವುಗಳನ್ನೇ ಆಶ್ರಯಿಸಿ ನಾಗವರ್ಮನು ಕರ್ಣಾಟಕಭಾಷಾಭೂಷಣದಲ್ಲಿ ಕನ್ನಡದ ಲಕ್ಷಣವನ್ನು ಸಂಸ್ಕೃತ ಸೂತ್ರಗಳಿಂದಲೇ ನಿರೂಪಿಸಿದ್ದನು. ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನಿಗೆ ಮಗನೂ ಜನ್ನಕವಿಗೆ ಸೋದರಳಿಯನೂ ಆಗಿದ್ದ ಕೇಶಿರಾಜನಾದರೋ ತನ್ನ ಸೂತ್ರಗಳನ್ನು ಕನ್ನಡದ ಕಂದಪದ್ಯಗಳಲ್ಲಿ ಕಟ್ಟಿದನು. ಕವಿಗಳ ಮನೆತನದವನಿಗೆ ಅದು ಸಹಜವೇ ಸರಿ.

ನಾಭಿಮೂಲದಿಂದ ಕಹಳೆಯಂತೆ ಹೊಮ್ಮುವ ಶಬ್ದದ್ರವ್ಯದ ಬಣ್ಣ ಬಿಳುಪೆಂದು ಅವನು ಹೇಳುವುದು ಜೈನದರ್ಶನದ ಮಾತು. ಅದನ್ನು ಗೌರವದಿಂದ ಓದಿ ಮುಂದೆ ಸಾಗಬಹುದು. ಅವನ ನಿಜವಾದ ಪ್ರತಿಭೆ ಬೆಳಗುವುದು ಎರವಲು ಬಂದ ಸಂಜ್ಞೆಗಳು ಕನ್ನಡಕ್ಕೆ ಸಾಲದೆ ಹೋದ ಎಡೆಗಳಲ್ಲಿ. 'ಅಮರ್ದು' ಎಂಬಲ್ಲಿ ಒತ್ತಕ್ಷರವಿದ್ದರೂ ಅದು ತೇಲಿಸಿ ಉಚ್ಚರಿತವಾಗುವುದರಿಂದ ಹಿಂದಿನ ಅಕ್ಷರ ಗುರುವಾಗದೆ ಲಘುವಾಗಿಯೇ ಉಳಿಯುವ ಸೂಕ್ಷ್ಮಕ್ಕೆ ಶಿಥಿಲದ್ವಿತ್ವವೆಂಬ ಹೆಸರು ಸಲ್ಲುತ್ತದೆ. ನಾವಿಂದು ಒಂದೇ ಳಕಾರವೆಂದು ಬರೆಯುವಲ್ಲಿ ಅವನ ಕಿವಿ ಮೂರನ್ನು ಕೇಳಿತು: 'ಮೞೆ', 'ಬಾೞೆ' ಎಂಬಲ್ಲಿಯ ರೞ, 'ಮುಳ್', 'ಕಳ್ಳ' ಎಂಬಲ್ಲಿಯ ಅಚ್ಚಗನ್ನಡದ ಕುಳ, ಸಂಸ್ಕೃತದ ಲಕಾರವೇ ಮಾರ್ಪಟ್ಟು ಬಂದ ಕ್ಷಳ. ರೞವಿರುವ ಶಬ್ದಗಳನ್ನು ಅವನು ಪಟ್ಟಿಮಾಡಿ ಕೊಟ್ಟಿರುವುದನ್ನು ನೋಡಿದರೆ, ಆ ಧ್ವನಿ ಆಗಲೇ ಜನರ ನಾಲಗೆಯಿಂದ ಜಾರುತ್ತಿತ್ತೆಂದು ಊಹಿಸದಿರಲಾಗದು. ಎಲ್ಲರೂ ತಪ್ಪದೆ ನುಡಿಯುವುದಕ್ಕೆ ಪಟ್ಟಿಯೇಕೆ ಬೇಕು?

ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆಸೆದರೆ ಅರಿಸಮಾಸವೆಂಬ ದೋಷ ಬರುವುದೆಂದು ವಿಧಿಸಿದ ಲಾಕ್ಷಣಿಕನೇ, ಬಿರುದಾವಳಿಗಳಿಗೂ ಹಿಂದಿನ ಸತ್ಕವಿಗಳ ಪ್ರಯೋಗಗಳಿಗೂ ವಿನಾಯಿತಿಯಿತ್ತನು. ಅರಸರ ಬಿರುದುಗಳನ್ನು ತಿದ್ದಹೊರಡುವುದು ವ್ಯಾಕರಣಕ್ಕೆ ಕ್ಷೇಮವಾದ ಕಾರ್ಯವೂ ಅಲ್ಲವಷ್ಟೆ!

1604ರಲ್ಲಿ ಭಟ್ಟಾಕಳಂಕನು 592 ಸಂಸ್ಕೃತ ಸೂತ್ರಗಳ ಕರ್ಣಾಟಕಶಬ್ದಾನುಶಾಸನವನ್ನು ರಚಿಸಿ, ತಾನೇ ಅದಕ್ಕೆ ವ್ಯಾಖ್ಯಾನವನ್ನೂ ಬರೆದನು. ಪಾಂಡಿತ್ಯದಲ್ಲಿ ಅದು ಹಿರಿದು, ಆದರೆ ಕನ್ನಡಿಗರ ಬಾಯಲ್ಲಿ ಉಳಿದದ್ದು ಕಂದಪದ್ಯವೇ. 1872ರಲ್ಲಿ ಕಿಟ್ಟೆಲರು ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಅಚ್ಚುಹಾಕಿಸಿದರು. 1894ರಲ್ಲಿ ಹೊರಬಂದ ಅವರ ಮಹಾಕೋಶದಲ್ಲಿ, ಬಳಕೆಯಿಂದ ಶತಮಾನಗಳ ಹಿಂದೆಯೇ ಮರೆಯಾಗಿದ್ದ ಱ, ೞಗಳಿಗೂ ಅವುಗಳ ಸ್ಥಾನ ದೊರೆಯಿತು.