ಹಿಂಗಾರಿ ಜೋಳ: ಚಳಿಯಲ್ಲೂ ಕಾಳು ಕಟ್ಟುವ ತಳಿಗಳು

ಹುಲ್ಲಿನ ಕುಟುಂಬದ ಜೋಳ ಹುಟ್ಟಿದ್ದು ಆಫ್ರಿಕದ ಬಿಸಿನಾಡಿನಲ್ಲಿ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಎರೆಹೊಲಗಳಲ್ಲಿ ಅದು ಚಳಿಗಾಲದ ಬೆಳೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತನೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಮಣ್ಣು ಹಿಡಿದಿಟ್ಟ ಹಸಿಯಲ್ಲೇ ಸುಗ್ಗಿ. ಡೋಣಿ ನದಿ ಹರಿಯುವ ಬಾಗೇವಾಡಿ, ಮುದ್ದೇಬಿಹಾಳದ ಕಡೆ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಹುಟ್ಟಿದ್ದೂ ಆಳವಾದ ಆ ಕಪ್ಪು ಮಣ್ಣಿನಿಂದ.

ಈ ಸೀಮೆಯ ಹೆಸರಾಂತ ತಳಿ ಎಂ 35-1. ನೆರೆಯ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ, ರೈತರು ಬೆಳೆಯುತ್ತಿದ್ದ ಮಾಲದಂಡಿ ಜೋಳದಿಂದಲೇ ಆರಿಸಿ ತೆಗೆದದ್ದು. ಅಡ್ಡ ತಳಿಸಂಕರವಿಲ್ಲ, ಬರೀ ಆಯ್ಕೆ. ಇದರ ಎಳೆ ಸಸಿಯ ಎಲೆಗೆ ಹೊಳಪು. ಸುಳಿ ನೊಣದ ಕಾಟ ತಕ್ಕಮಟ್ಟಿಗೆ ತಗ್ಗಲು ಅದೂ ಒಂದು ಕಾರಣ. ದೋಷವೂ ಉಂಟು: ಹಸಿ ಆರಿದಾಗ ಬುಡಕ್ಕೆ ಇದ್ದಿಲು ಕೊಳೆ ರೋಗ ತಗುಲಿ ದಂಟು ನೆಲ ಹಿಡಿಯುತ್ತದೆ.

ಹಸಿರು ಕ್ರಾಂತಿಯ ಹೈಬ್ರಿಡ್ ಜೋಳ ಮುಂಗಾರಿನಲ್ಲಿ ಗೆದ್ದು ಹಿಂಗಾರಿಯಲ್ಲಿ ಏಕೆ ಸೋತಿತು ಎಂಬುದನ್ನು ತುಸು ಬಿಡಿಸಿ ಹೇಳಬೇಕು. ಜೋಳದ ಒಂದೇ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇರುತ್ತವೆ. ಸೂಜಿ ಹಿಡಿದು ಪರಾಗಕೋಶ ಕಿತ್ತು ಎಕರೆಗಟ್ಟಲೆ ಸಂಕರ ಬೀಜ ಮಾಡಲಾಗದು. 1954ರಲ್ಲಿ ಅಮೆರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್, ಪರಾಗವೇ ಫಲಿಸದ ತಾಯಿ ಸಾಲನ್ನು ವರದಿ ಮಾಡಿದ ಮೇಲೆ ದಾರಿ ತೆರೆಯಿತು. ಭಾರತದ ಮೊದಲ ಹೈಬ್ರಿಡ್ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ತಾಯಿಯ ಬಂಜೆತನವನ್ನು ತಂದೆ ಸಾಲಿನ ವಂಶವಾಹಿ ಸರಿಪಡಿಸಿದರೆ ಮಾತ್ರ ರೈತನ ಹೊಲದ ಗಿಡದಲ್ಲಿ ಪರಾಗ ಫಲಿಸುತ್ತದೆ. ಈ ದುರಸ್ತಿಗೆ ಚಳಿ ಆಗದು. ಡಿಸೆಂಬರಿನಲ್ಲಿ ತೆನೆ ಹೂವಾಡುವಾಗಲೇ ರಾತ್ರಿಯ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಪರಾಗ ಮತ್ತೆ ಬರಡಾಗುತ್ತದೆ. ದೂರದಿಂದ ತುಂಬು ತೆನೆ. ಹಿಚುಕಿ ನೋಡಿದರೆ ಅರ್ಧ ಜೊಳ್ಳು. ತಾನೇ ಪರಾಗ ಬಿಡುವ ಮಾಲದಂಡಿಗೆ ಈ ಪೇಚಿಲ್ಲ. ಹಿಂಗಾರಿಗೆಂದೇ ರೂಪಿಸಿದ ಸಿಎಸ್‌ಎಚ್-15ಆರ್‌ನಂಥ ಹೈಬ್ರಿಡ್‌ಗಳೂ ರೈತರಲ್ಲಿ ಹೆಚ್ಚು ಹರಡಲಿಲ್ಲ.

ಹೀಗಾಗಿ ಕೆಲಸ ಮತ್ತೆ ಸುಧಾರಿತ ತಳಿಗಳತ್ತ ಹೊರಳಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜಯಪುರ ಸಂಶೋಧನಾ ಕೇಂದ್ರದ ಬಿಜೆವಿ-44 ಆ ಸಾಲಿನದು. ಕಾಳು ಬಲಿಯುವ ತನಕ ಎಲೆ ಹಸಿರಾಗಿಯೇ ಇರುವ ಗುಣವನ್ನು ಇಥಿಯೋಪಿಯ ಮೂಲದ ಬಿ-35 ಎಂಬ ಜೋಳದಿಂದ ಪಡೆಯುವ ಯತ್ನ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನಡೆದಿದೆ.

ಇಳುವರಿಯೊಂದೇ ಅಳತೆಗೋಲಲ್ಲ. ಕಾಳು ಮುತ್ತಿನಂತೆ ಬೆಳ್ಳಗಿರಬೇಕು, ಹಿಟ್ಟಿಗೆ ಜಿಗಿ ಇರಬೇಕು. ಬಡಿಯುವಾಗ ರೊಟ್ಟಿಯ ಅಂಚು ಹರಿದರೆ ಆ ತಳಿ ಅಡುಗೆಮನೆಯಲ್ಲೇ ನಪಾಸು. ದನಕ್ಕೆ ಕಣಿಕೆಯೂ (ಒಣ ದಂಟು) ಬೇಕು. ಗಿಡ್ಡ ತಳಿಯನ್ನು ರೈತ ಒಲ್ಲೆ ಎನ್ನುವುದು ಅದಕ್ಕೇ. ಎಳೆ ತೆನೆ ಸುಟ್ಟು ತಿನ್ನುವ ಸೀತನಿಗೆ ಸಕ್ರಿಮುಕ್ರಿಯಂಥ ಸಿಹಿಜೋಳ ಬೇರೆಯೇ ಇದೆ.

ಹಿಂಗಾರಿ ಜೋಳದ ಹೊಸ ತಳಿಗಳನ್ನು ಪರೀಕ್ಷಿಸುವಾಗ ಹೋಲಿಕೆಗೆಂದು ಎಂ 35-1 ಅನ್ನು ಇಂದಿಗೂ ಬಿತ್ತುವುದುಂಟು.